ಆತಕೂರಿನ ಕಲ್ಲಿನಿಂದ ಗುಬ್ಬಿ ರಸ್ತೆಯ ಚೀಲದವರೆಗೆ: ನಮ್ಮ ನಾಯಿಗಳ ಕಥೆ

ಮಳೆಗಾಲದ ಒಂದು ಬೆಳಿಗ್ಗೆ ಸುದ್ದಿ ಮಾಡಲು ತುಮಕೂರಿನಿಂದ ಗುಬ್ಬಿಗೆ ಬೈಕಿನಲ್ಲಿ ಹೊರಟಿದ್ದೆ. ಟೀ ಕುಡಿಯಲು ರಸ್ತೆ ಬದಿಯ ಅಂಗಡಿ ಮುಂದೆ ನಿಲ್ಲಿಸಿದೆ. ಅಂಗಡಿಯಾಕೆ ಟೀ ಕೊಡುವ ಬದಲು, "ಅಣ್ಣಾ, ಆ ಚೀಲ ಅಲ್ಲಾಡ್ತಾ ಐತೆ, ಒಂದು ಸಾರಿ ನೋಡಣ್ಣ" ಅಂದರು. ಚರಂಡಿ ಪಕ್ಕದಲ್ಲಿ ಸಿಮೆಂಟ್ ಚೀಲವೊಂದು ಬಿದ್ದಿತ್ತು. ಬಾಯಿಗೆ ಹಗ್ಗ ಕಟ್ಟಿತ್ತು. ಬಿಚ್ಚಿದರೆ ಒಳಗೆ ಐದು ನಾಯಿಮರಿ. ಎರಡು ಆಗಲೇ ಸತ್ತಿದ್ದವು. ಬದುಕಿದ್ದ ಮೂರಕ್ಕೂ ಆಗಷ್ಟೇ ಕಣ್ಣು ಬಿಟ್ಟಿತ್ತು. ಐದೂ ಹೆಣ್ಣು.

ನಾನು ಪ್ರಾಣಿ ರಕ್ಷಣೆ ಮಾಡುವವನಲ್ಲ, ಜಿಲ್ಲಾ ಸುದ್ದಿ ಬರೆಯುವವನು. ಆದರೆ ಚೀಲ ಬಿಚ್ಚಿದ ಮೇಲೆ ಮತ್ತೆ ಕಟ್ಟಿ ಇಡಲಾಗುವುದಿಲ್ಲವಲ್ಲ. ಮೂರನ್ನೂ ಬಿಸ್ಕತ್ ಡಬ್ಬದಲ್ಲಿ ಹಾಕಿಕೊಂಡು ವಾಪಸ್ ತುಮಕೂರಿಗೆ ಬಂದೆ. ಒಂದು ಮರಿ ವಾಂತಿ, ರಕ್ತಭೇದಿಯಿಂದ ನಾಲ್ಕನೇ ದಿನ ಹೋಯಿತು. ಇನ್ನೆರಡಕ್ಕೆ ಮನೆ ಹುಡುಕಲು ಮೂರು ವಾರ ಹಿಡಿಯಿತು. ಕೇಳಿದವರೆಲ್ಲರದೂ ಒಂದೇ ಪ್ರಶ್ನೆ: "ಗಂಡಾ, ಹೆಣ್ಣಾ?" ಹೆಣ್ಣು ಅಂದ ಕೂಡಲೇ ಮಾತು ಬೇರೆ ಕಡೆ ಹೋಗುತ್ತಿತ್ತು. ಕೊನೆಗೆ ಕುಣಿಗಲ್ ಕಡೆಯ ಕೋಳಿ ಫಾರಂನವರೊಬ್ಬರು ಒಂದನ್ನು ತೆಗೆದುಕೊಂಡರು. ಇನ್ನೊಂದು ಈಗ ನಮ್ಮ ಮನೆ ಜಗಲಿ ಮೇಲೆ ಮಲಗಿದೆ.

ಆ ಚೀಲ ಕಟ್ಟಿದವರು ರಾಕ್ಷಸರಲ್ಲ. ಅವರ ಮನೆಯಲ್ಲೂ ಮಕ್ಕಳಿರುತ್ತಾರೆ. ತಾಯಿ ನಾಯಿಗೆ ದಿನಾ ಮುದ್ದೆ ಹಾಕುವವರೂ ಅವರೇ ಇರಬಹುದು. ಹಾಗಾದರೆ ಆ ಮರಿಗಳಿಗೆ ಯಾರು ಹೊಣೆ? ಉತ್ತರ ಹುಡುಕುತ್ತಾ ಹೋದಾಗ, ಈ ಪ್ರಶ್ನೆಗೆ ನಮ್ಮ ಪಕ್ಕದ ಸೀಮೆಯಲ್ಲೇ ಸಾವಿರ ವರ್ಷದ ಹಿಂದೆ ಒಬ್ಬ ಕಲ್ಲಿನ ಮೇಲೆ ಉತ್ತರ ಬರೆಸಿಟ್ಟಿದ್ದಾನೆ ಎಂದು ಗೊತ್ತಾಯಿತು.

ಕಾಳಿ ಎಂಬ ನಾಯಿ

ಕುಣಿಗಲ್‌ನಿಂದ ಹುಲಿಯೂರುದುರ್ಗ ದಾಟಿ ಮದ್ದೂರಿನ ಕಡೆ ಹೋದರೆ ಮದ್ದೂರು ತಾಲ್ಲೂಕಿನಲ್ಲಿ ಆತಗೂರು ಅಂತ ಊರಿದೆ. ಶಾಸನ ಓದುವವರು ಅದನ್ನು ಆತಕೂರು ಅನ್ನುತ್ತಾರೆ. ಅಲ್ಲಿ ಸಿಕ್ಕ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತು ಸಂಗ್ರಹಾಲಯದಲ್ಲಿದೆ. ಮೇಲ್ಭಾಗದಲ್ಲಿ ನಾಯಿಯೊಂದು ಹಂದಿಯ ಮೇಲೆ ಬಿದ್ದು ಹೋರಾಡುವ ಚಿತ್ರ. ಸುತ್ತಲೂ ಹಳಗನ್ನಡದ ಬರಹ.

ಕಲ್ಲು ಹೇಳುವ ಕಥೆ ಹೀಗಿದೆ. ಕ್ರಿ.ಶ. 949ರ ಸುಮಾರಿಗೆ ತಕ್ಕೋಲ ಎಂಬಲ್ಲಿ ದೊಡ್ಡ ಯುದ್ಧವಾಯಿತು. ತಕ್ಕೋಲ ಇರುವುದು ಈಗಿನ ತಮಿಳುನಾಡಿನಲ್ಲಿ. ಒಂದು ಕಡೆ ರಾಷ್ಟ್ರಕೂಟರ ಮೂರನೇ ಕೃಷ್ಣ, ಇನ್ನೊಂದು ಕಡೆ ಚೋಳರ ರಾಜಾದಿತ್ಯ. ಕೃಷ್ಣನ ಪರವಾಗಿ ಹೋರಾಡಿದ ಗಂಗರ ದೊರೆ ಇಮ್ಮಡಿ ಬೂತುಗ ರಾಜಾದಿತ್ಯನನ್ನು ಕೊಂದ. ಆ ಯುದ್ಧದಲ್ಲಿ ಬೂತುಗನ ಜೊತೆಗಿದ್ದ ವೀರ ಮಣಲೇರ. ಅವನ ಶೌರ್ಯಕ್ಕೆ ಮೆಚ್ಚಿದ ಬೂತುಗ, ಏನು ಬೇಕೋ ಕೇಳಿಕೋ ಅಂದ. ಊರು ಕೇಳಬಹುದಿತ್ತು, ಚಿನ್ನ ಕೇಳಬಹುದಿತ್ತು. ಮಣಲೇರ ಕೇಳಿದ್ದು ದೊರೆಯ ಬೇಟೆನಾಯಿಯನ್ನು. ಅದರ ಹೆಸರು ಕಾಳಿ.

ಮುಂದೆ ಒಂದು ದಿನ ಬೆಳತೂರಿನ ಪಡುವಣ ದಿಕ್ಕಿನ ಗುಡ್ಡದಲ್ಲಿ ದೊಡ್ಡ ಕಾಡುಹಂದಿಯ ಮೇಲೆ ಕಾಳಿಯನ್ನು ಬಿಟ್ಟರು. ಹಂದಿ, ನಾಯಿ ಎರಡೂ ಹೋರಾಡಿ ಸತ್ತವು. ಮಣಲೇರ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಾಳಿಗಾಗಿ ಕಲ್ಲು ನಿಲ್ಲಿಸಿದ. ಅಷ್ಟಕ್ಕೇ ಬಿಡಲಿಲ್ಲ. ಊರ ದೊಡ್ಡ ಕೆರೆಯ ಕೆಳಗೆ ಎರಡು ಖಂಡುಗ ಭೂಮಿ ಬಿಟ್ಟ. ಆ ಜಾಗ ನೋಡಿಕೊಳ್ಳುವ ಗೊರವ ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿಯ ಪಾಪ ಅವನಿಗೆ ತಟ್ಟುತ್ತದೆ ಎಂದೂ ಬರೆಸಿದ.

ಈ ಶಾಸನವನ್ನು ಸಾಮಾನ್ಯವಾಗಿ ಯುದ್ಧದ ದಾಖಲೆಯಾಗಿ ಓದುತ್ತಾರೆ. ತಕ್ಕೋಲದಲ್ಲಿ ಏನಾಯಿತು ಎಂದು ತಿಳಿಯಲು ಅದು ದೊಡ್ಡ ಆಧಾರ. ನನಗೆ ಮಾತ್ರ ಅದರ ಕೊನೆಯ ಭಾಗವೇ ಮುಖ್ಯ ಅನಿಸಿತು. ಅಲ್ಲಿ ಮೂರು ಸಂಗತಿ ಇವೆ. ನಾಯಿಗೆ ಒಂದು ಹೆಸರಿದೆ. ಅದರ ಹೆಸರಲ್ಲಿ ಒಂದಿಷ್ಟು ಆದಾಯದ ಏರ್ಪಾಡಿದೆ. ತಪ್ಪಿದರೆ ಯಾರನ್ನು ಕೇಳಬೇಕು ಎಂಬುದೂ ಇದೆ. ಪ್ರೀತಿ ಮಾಡಿದೆ ಅಂತ ಮಣಲೇರ ಸುಮ್ಮನಾಗಲಿಲ್ಲ, ಹೊಣೆಯನ್ನು ಒಬ್ಬನ ತಲೆಗೆ ಕಟ್ಟಿ ಹೋದ.

ಕಾಳಿ ಅರಮನೆಯ ನಾಯಿ, ನಿಜ. ದೊರೆಗಳು ಬೇಟೆನಾಯಿಗಳನ್ನು ಚೆನ್ನಾಗಿಯೇ ಸಾಕುತ್ತಿದ್ದರು. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಬರೆದ 'ಮಾನಸೋಲ್ಲಾಸ'ದಲ್ಲಿ ನಾಯಿಗಳ ಬಗ್ಗೆಯೇ ಒಂದು ಭಾಗವಿದೆ. ಮುಧೋಳದ ಘೋರ್ಪಡೆ ಸಂಸ್ಥಾನದವರು ಬೆಳೆಸಿದ ಮುಧೋಳ ನಾಯಿಗೆ 2005ರಲ್ಲಿ ಅಂಚೆ ಚೀಟಿಯೇ ಬಂತು. ಇವೆಲ್ಲ ಒಡೆಯರಿದ್ದ ನಾಯಿಗಳು. ನಮ್ಮ ಊರ ಸಾಮಾನ್ಯ ನಾಯಿಗೆ ಕಲ್ಲು ನೆಟ್ಟವರು ಕಡಿಮೆ. ಅದರ ಚರಿತ್ರೆ ನಮ್ಮ ಅಜ್ಜಿ ತಾತಂದಿರ ಬಾಯಲ್ಲಿದೆ.

ಕಣ ಕಾಯುವ ಕರಿಯ

ನಮ್ಮಜ್ಜಿ ಮನೆ ಗುಬ್ಬಿ ತಾಲ್ಲೂಕಿನ ಹಳ್ಳಿಯಲ್ಲಿ. ಅಲ್ಲಿ ಕರಿಯ ಅಂತ ನಾಯಿ ಇತ್ತು. ಅದು ಸತ್ತ ಮೇಲೆ ಬಂದದ್ದೂ ಕರಿಯ, ಅದರ ನಂತರದ್ದೂ ಕರಿಯ. ಅದಕ್ಕೆ ಕೊರಳಪಟ್ಟಿ ಇರಲಿಲ್ಲ, ಒಳಗೆ ಬಿಡುತ್ತಿರಲಿಲ್ಲ. ಆದರೆ ಮುದ್ದೆ ತೊಳೆಸಿದ ಮೇಲೆ ಮಡಕೆ ತಳಕ್ಕೆ ಹತ್ತಿದ ಸೀಕು ಅದರದ್ದೇ. ಸುಗ್ಗಿಯಲ್ಲಿ ಕಣದಲ್ಲಿ ತಾತ ಮಲಗಿದರೆ ಕಾಲಬುಡದಲ್ಲಿ ಅದೂ ಮಲಗುತ್ತಿತ್ತು. ಅದು ನಮ್ಮ ಮನೆಯದಷ್ಟೇ ಅಲ್ಲ, ಆ ಬೀದಿಯ ಮೂರು ನಾಲ್ಕು ಮನೆಯದ್ದು. ಹೊಸಬರು ಬಂದರೆ ಬೊಗಳುತ್ತಿತ್ತು. ಊರವರು ಬಂದರೆ ಬಾಲ ಅಲ್ಲಾಡಿಸುತ್ತಿತ್ತು.

ನಮ್ಮ ಜಿಲ್ಲೆಯ ಗೊಲ್ಲರಹಟ್ಟಿಗಳಲ್ಲಿ, ಕುರಿ ಮಂದೆಗಳಲ್ಲಿ ನಾಯಿ ಇನ್ನೂ ಹೀಗೆಯೇ ಇದೆ. ಕುರಿ ಕಾಯುವವನಿಗೆ ನಾಯಿ ಎಂದರೆ ರಾತ್ರಿಯ ಕಣ್ಣು. ದೇವರ ಲೆಕ್ಕದಲ್ಲೂ ಅದಕ್ಕೆ ಜಾಗವಿದೆ. ಕಾಲಭೈರವನ ವಾಹನ ನಾಯಿ. ಮೈಲಾರಲಿಂಗನ ಗೊರವರು ನಾಯಿಯಂತೆ ಬೊಗಳಿ, ದೋಣಿಯಲ್ಲಿ ಹಾಕಿದ್ದನ್ನು ಬಾಯಿಂದಲೇ ತಿನ್ನುವ ಸೇವೆ ಇದೆ.

ಹಾಗಂತ ಹಳೆಯ ಕಾಲ ಚಿನ್ನದಂಥದ್ದು ಅಂತ ನಾನು ಹೇಳುವುದಿಲ್ಲ. ಕಷ್ಟಪಟ್ಟವನನ್ನು ನೋಡಿ ನಾವು ಹೇಳುವುದೇ 'ನಾಯಿಪಾಡು' ಎಂದು. ಬೈಗುಳಕ್ಕೂ ನಾಯಿಯೇ, ನಿಯತ್ತಿಗೂ ನಾಯಿಯೇ. ಹತ್ತು ಮರಿ ಹುಟ್ಟಿದರೆ ಎಂಟು ಸಾಯುತ್ತಿದ್ದವು, ಅದನ್ನು ಯಾರೂ ಲೆಕ್ಕ ಇಡುತ್ತಿರಲಿಲ್ಲ. ಆದರೆ ಒಂದು ಮಾತು ಸತ್ಯ. ಆ ನಾಯಿ ಯಾರದು ಅಂತ ಕೇಳಿದರೆ ಊರಲ್ಲಿ ಉತ್ತರ ಸಿಗುತ್ತಿತ್ತು. ಕಚ್ಚಿದರೆ ಯಾರ ಮನೆ ಮುಂದೆ ಹೋಗಿ ಜಗಳ ಆಡಬೇಕು ಅಂತ ಗೊತ್ತಿತ್ತು.

'ಬೀದಿ ನಾಯಿ' ಬಂದದ್ದು

ಪಟ್ಟಣ ಬೆಳೆದಂತೆ ಆ ಉತ್ತರ ಕಳೆದುಹೋಯಿತು. ಹಟ್ಟಿ ನಾಯಿ ಬೀದಿ ನಾಯಿಯಾಯಿತು. ಯಾರದೂ ಅಲ್ಲದ ನಾಯಿಯನ್ನು ಏನು ಮಾಡುವುದು ಎಂಬ ಪ್ರಶ್ನೆಗೆ ಬ್ರಿಟಿಷ್ ಆಡಳಿತದ ಉತ್ತರ ಸರಳವಾಗಿತ್ತು: ಕೊಲ್ಲು.

1832ರಲ್ಲಿ ಬೊಂಬಾಯಿಯಲ್ಲಿ ನಾಯಿ ಕೊಂದು ತಂದವರಿಗೆ ತಲೆಗೆ ಇಷ್ಟು ಎಂದು ದುಡ್ಡು ಕೊಡುತ್ತಿದ್ದರು. ದುಡ್ಡಿನಾಸೆಗೆ ಮನೆಯಂಗಳದ ನಾಯಿಗಳನ್ನೂ ಎಳೆದೊಯ್ಯತೊಡಗಿದರು. ನಾಯಿಯನ್ನು ಪವಿತ್ರವೆಂದು ಕಾಣುವ ಪಾರ್ಸಿಗಳು ಸಿಟ್ಟಿಗೆದ್ದರು. ಆ ವರ್ಷದ ಜೂನ್ 6ರಂದು ಅಂಗಡಿ ಮುಚ್ಚಿ ಬೀದಿಗಿಳಿದರು, ಕೋಟೆಗೆ ಹೋಗುವ ಸರಕು ನಿಂತಿತು, ಸೈನ್ಯ ಬರಬೇಕಾಯಿತು. ಇತಿಹಾಸದಲ್ಲಿ ಅದಕ್ಕೆ ಬೊಂಬಾಯಿ ನಾಯಿ ಗಲಭೆ ಅಂತಲೇ ಹೆಸರು.

ಗಲಭೆಯಿಂದ ಕೊಲ್ಲುವುದು ನಿಲ್ಲಲಿಲ್ಲ. ದೇಶದ ಊರೂರಿನಲ್ಲಿ ಅದು ಪುರಸಭೆಗಳ ಮಾಮೂಲಿ ಕೆಲಸವಾಯಿತು. ಸ್ವಾತಂತ್ರ್ಯ ಬಂದ ಮೇಲೂ ಮುಂದುವರಿಯಿತು. ನಮ್ಮ ಕಡೆ ಐವತ್ತು ದಾಟಿದವರನ್ನು ಕೇಳಿ ನೋಡಿ, ಕುತ್ತಿಗೆಗೆ ತಂತಿ ಹಾಕಿ ನಾಯಿ ಹಿಡಿಯುವವರು, ಮಾಂಸದ ಉಂಡೆಯಲ್ಲಿ ವಿಷ ಇಡುವವರು, ಬೆಳಿಗ್ಗೆ ಹೆಣ ತುಂಬಿಕೊಂಡು ಹೋಗುವ ಗಾಡಿ ಅವರ ನೆನಪಿನಲ್ಲಿವೆ.

ಅಷ್ಟು ಕೊಂದರೂ ನಾಯಿ ಯಾಕೆ ಕಡಿಮೆ ಆಗಲಿಲ್ಲ? ಕಾರಣ ಕಷ್ಟದ್ದೇನಲ್ಲ. ಹೆಣ್ಣು ನಾಯಿ ವರ್ಷಕ್ಕೆ ಎರಡು ಸಲ ಬೆದೆಗೆ ಬರಬಹುದು, ಒಂದು ಸೂಲಿಗೆ ನಾಲ್ಕಾರು ಮರಿ ಹಾಕುತ್ತದೆ. ಒಂದು ಬೀದಿಯ ನಾಯಿಗಳನ್ನು ಒಯ್ದರೂ ಆ ಬೀದಿಯ ಕಸ, ಕೋಳಿ ಅಂಗಡಿಯ ಪುಕ್ಕ ಕರುಳು, ಹೋಟೆಲ್ ಎಂಜಲು ಅಲ್ಲೇ ಇರುತ್ತವೆ. ಖಾಲಿಯಾದ ಜಾಗಕ್ಕೆ ಪಕ್ಕದ ಬೀದಿಯ ನಾಯಿ ಬರುತ್ತದೆ. ಬರುವುದು ಪರಿಚಯವಿಲ್ಲದ, ಲಸಿಕೆ ಇಲ್ಲದ ನಾಯಿ. ಗದ್ದೆಗೆ ನೀರು ಬರುವ ತೂಬು ಮುಚ್ಚದೆ ಬಿಂದಿಗೆಯಲ್ಲಿ ನೀರು ಮೊಗೆದು ಹಾಕಿದ ಹಾಗೆ ಆಯಿತು.

ಹೊಕ್ಕುಳ ಸುತ್ತ ಹದಿನಾಲ್ಕು

ನಾಯಿ ಪರ ಬರೆಯುವವರು ಈ ಭಾಗವನ್ನು ಬೇಗ ದಾಟಿಬಿಡುತ್ತಾರೆ. ನಾನು ದಾಟಲಾರೆ. ನಾನು ಪ್ರೈಮರಿ ಶಾಲೆಯಲ್ಲಿದ್ದಾಗ ಅಜ್ಜಿಯ ಊರಿನಲ್ಲಿ ನನ್ನದೇ ವಯಸ್ಸಿನ ಹುಡುಗನಿಗೆ ಮರಿನಾಯಿ ಕಚ್ಚಿತು. ಮನೆಯಲ್ಲಿ ಬೈತಾರೆ ಅಂತ ಅವನು ಹೇಳಲಿಲ್ಲ. ಗೊತ್ತಾದ ಮೇಲೆ ಗಾಯಕ್ಕೆ ಸುಣ್ಣ, ಖಾರದಪುಡಿ ಹಚ್ಚಿ ಬಿಟ್ಟರು. ಕೆಲವು ವಾರದ ನಂತರ ಅವನು ನೀರಿನ ಲೋಟ ಕಂಡರೆ ಕಿರುಚತೊಡಗಿದ. ಅವನನ್ನು ಕೂಡಿ ಹಾಕಿದ್ದ ಕೋಣೆಯ ಹೊರಗೆ ನಿಂತಿದ್ದ ಅವನಮ್ಮನ ಮುಖ ಈಗಲೂ ಕಣ್ಣ ಮುಂದೆ ಇದೆ. ರೇಬೀಸ್ ಲಕ್ಷಣ ಕಾಣಿಸಿದ ಮೇಲೆ ಉಳಿಯುವವರು ಇಲ್ಲವೇ ಇಲ್ಲ ಅನ್ನಬೇಕು.

ಇದಕ್ಕೆ ಔಷಧ ಆಗಲೇ ನೂರು ವರ್ಷ ಹಳೆಯದು. 1885ರ ಜುಲೈ 6ರಂದು ಫ್ರಾನ್ಸಿನ ಲೂಯಿ ಪಾಶ್ಚರ್, ಹುಚ್ಚುನಾಯಿ ಕಚ್ಚಿದ್ದ ಜೋಸೆಫ್ ಮೈಸ್ಟರ್ ಎಂಬ ಒಂಬತ್ತು ವರ್ಷದ ಹುಡುಗನಿಗೆ ಮೊದಲ ಸಲ ಲಸಿಕೆ ಕೊಡಿಸಿದ, ಹುಡುಗ ಬದುಕಿದ. ಭಾರತದಲ್ಲಿ 1900ರಲ್ಲಿ ಕಸೌಲಿಯಲ್ಲಿ, 1907ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಪಾಶ್ಚರ್ ಸಂಸ್ಥೆಗಳು ಶುರುವಾದವು. ಕಸೌಲಿಯಲ್ಲಿ ಡೇವಿಡ್ ಸೆಂಪಲ್ ಎಂಬ ವೈದ್ಯ ಕುರಿಯ ಮೆದುಳಿನಿಂದ ಲಸಿಕೆ ತಯಾರಿಸುವ ವಿಧಾನ ಕಂಡುಹಿಡಿದ. ನಮ್ಮ ಹಿರಿಯರು ಹೇಳುವ 'ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್' ಅದೇ. ಆ ಲಸಿಕೆ ಲಕ್ಷಾಂತರ ಜನರನ್ನು ಉಳಿಸಿತು. ಆದರೆ ನೋವು ವಿಪರೀತ, ಕೆಲವರಿಗೆ ನರಗಳ ತೊಂದರೆಯೂ ಆಗುತ್ತಿತ್ತು. ಆ ಹೆದರಿಕೆಗೆ ಎಷ್ಟೋ ಜನ ಆಸ್ಪತ್ರೆಗೆ ಹೋಗದೆ ನಾಟಿ ಮದ್ದಿಗೆ, ಮಂತ್ರಕ್ಕೆ ಹೋದರು.

2004ರ ಕೊನೆಗೆ ಭಾರತ ಆ ಲಸಿಕೆ ತಯಾರಿಕೆಯನ್ನೇ ನಿಲ್ಲಿಸಿತು. ಈಗಿನ ಲಸಿಕೆಯನ್ನು ತೋಳಿಗೆ ಕೊಡುತ್ತಾರೆ, ನಾಲ್ಕೈದು ಸಲ ಹೋದರೆ ಮುಗಿಯಿತು. ಹೊಕ್ಕುಳ ಸುತ್ತ ಚುಚ್ಚುವ ಕಾಲ ಹೋಗಿ ಇಪ್ಪತ್ತು ವರ್ಷ ಕಳೆದರೂ ಅದರ ಭಯ ಮಾತ್ರ ಹಳ್ಳಿಗಳಲ್ಲಿ ಇನ್ನೂ ಹೋಗಿಲ್ಲ.

ಜಗತ್ತಿನ ರೇಬೀಸ್ ಸಾವುಗಳಲ್ಲಿ ಸುಮಾರು ಮೂರನೇ ಒಂದು ಪಾಲು ಭಾರತದ್ದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮನುಷ್ಯರಿಗೆ ಬರುವ ರೇಬೀಸಿನಲ್ಲಿ ನೂರಕ್ಕೆ 99 ಬರುವುದು ನಾಯಿಯಿಂದ. ಆದರೆ ಅದೇ ಸಂಸ್ಥೆ ಇನ್ನೊಂದು ಮಾತನ್ನೂ ಹೇಳುತ್ತದೆ. ಒಂದು ಊರಿನ ನೂರು ನಾಯಿಗಳಲ್ಲಿ 70ಕ್ಕೆ ಲಸಿಕೆ ಹಾಕಿದರೆ ರೋಗ ಹರಡುವ ಸರಪಳಿ ತುಂಡಾಗುತ್ತದೆ. ಲಸಿಕೆ ಹಾಕಿದ ನಾಯಿಯನ್ನು ಕೊಂದರೆ ಆ ಬೀದಿಯ ಬೇಲಿಯನ್ನು ನಾವೇ ಕಿತ್ತಂತೆ.

ಕೊಲ್ಲುವ ಕಾನೂನಿನಿಂದ ಕಾಯುವ ಕಾನೂನಿಗೆ

1960ರಲ್ಲಿ ಪ್ರಾಣಿ ಹಿಂಸೆ ತಡೆ ಕಾಯ್ದೆ ಬಂತು. ಅದರ ಹಿಂದೆ ನಿಂತವರು ಭರತನಾಟ್ಯದ ಹೆಸರಾಂತ ಕಲಾವಿದೆ, ರಾಜ್ಯಸಭಾ ಸದಸ್ಯೆ ರುಕ್ಮಿಣಿದೇವಿ ಅರುಂಡೇಲ್. 1962ರಲ್ಲಿ ಪ್ರಾಣಿ ಕಲ್ಯಾಣ ಮಂಡಳಿ ರಚನೆಯಾದಾಗ ಅವರೇ ಮೊದಲ ಅಧ್ಯಕ್ಷೆ. ಆದರೂ ಆ ಕಾಯ್ದೆಯಲ್ಲಿ ಬೀದಿ ನಾಯಿಯನ್ನು ನಿಗದಿತ ವಿಧಾನದಲ್ಲಿ ಕೊಲ್ಲಲು ಅವಕಾಶ ಉಳಿಯಿತು.

ಬೇರೆ ದಾರಿ ತೋರಿಸಿದ್ದು ಮದ್ರಾಸಿನ ಬ್ಲೂ ಕ್ರಾಸ್ ಸಂಸ್ಥೆ. ಕೊಲ್ಲುವ ಬದಲು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ರೇಬೀಸ್ ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ಬಿಡೋಣ ಎಂದು 1964ರಲ್ಲೇ ಆ ಸಂಸ್ಥೆ ಹೇಳಿತು. ಅಲ್ಲಿನ ಪಾಲಿಕೆ ಒಪ್ಪಿದ್ದು 1996ರಲ್ಲಿ. ಒಂದು ಸರಳ ಮಾತು ಕಿವಿಗೆ ಬೀಳಲು 32 ವರ್ಷ ಬೇಕಾಯಿತು. 2001ರಲ್ಲಿ ಕೇಂದ್ರ ಸರ್ಕಾರ ಇದನ್ನೇ ಇಡೀ ದೇಶಕ್ಕೆ ನಿಯಮ ಮಾಡಿತು.

ನಿಯಮ ಬಂದ ಕೂಡಲೇ ಎಲ್ಲ ಸರಿಹೋಗಲಿಲ್ಲ. 2007ರ ಆರಂಭದಲ್ಲಿ ಬೆಂಗಳೂರಿನಲ್ಲಿ ಎರಡು ತಿಂಗಳೊಳಗೆ ಇಬ್ಬರು ಮಕ್ಕಳು ಬೀದಿ ನಾಯಿಗಳ ದಾಳಿಗೆ ಬಲಿಯಾದರು. ಜನ ಕುದ್ದುಹೋದರು. ನಾಯಿಗಳನ್ನು ಸಿಕ್ಕಸಿಕ್ಕಲ್ಲಿ ಹಿಡಿದು ಕೊಂದರು. ಮಕ್ಕಳನ್ನು ಕಳೆದುಕೊಂಡವರ ಸಿಟ್ಟು ತಪ್ಪು ಅಂತ ಯಾರು ಹೇಳಲು ಸಾಧ್ಯ? ಆದರೆ ಬೆಂಗಳೂರಿನ ಮುಂದಿನ ಲೆಕ್ಕ ನೋಡಿ. ಪಾಲಿಕೆಯ ಸಮೀಕ್ಷೆ ಪ್ರಕಾರ 2019ರಲ್ಲಿ ನಗರದಲ್ಲಿ ಸುಮಾರು 3.10 ಲಕ್ಷ ಬೀದಿ ನಾಯಿ ಇದ್ದವು, ಅರ್ಧದಷ್ಟಕ್ಕೆ ಮಾತ್ರ ಶಸ್ತ್ರಚಿಕಿತ್ಸೆ ಆಗಿತ್ತು. 2023ರಲ್ಲಿ ಶಸ್ತ್ರಚಿಕಿತ್ಸೆ ಆದವು ಶೇ 70 ದಾಟಿದವು, ನಾಯಿಗಳ ಸಂಖ್ಯೆ 2.79 ಲಕ್ಷಕ್ಕೆ ಇಳಿಯಿತು. ಊರು ಬೆಳೆಯುತ್ತಿದ್ದರೂ ನಾಯಿ ಕಡಿಮೆಯಾದವು. ನಿಧಾನ, ಆದರೆ ಇಳಿಯಿತು.

2023ರ ಮಾರ್ಚ್‌ನಲ್ಲಿ ಹಳೆಯ ನಿಯಮದ ಜಾಗಕ್ಕೆ ಹೊಸ ನಿಯಮ ಬಂತು. ಶಸ್ತ್ರಚಿಕಿತ್ಸೆ ಮಾಡಿಸುವುದು ಸ್ಥಳೀಯ ಸಂಸ್ಥೆಯ ಹೊಣೆ ಎಂದು ಅದು ಹೇಳುತ್ತದೆ. ಅಂದರೆ ತುಮಕೂರಿಗೆ ಮಹಾನಗರ ಪಾಲಿಕೆ, ಕುಣಿಗಲ್‌ಗೆ ಪುರಸಭೆ, ಗುಬ್ಬಿಗೆ ಪಟ್ಟಣ ಪಂಚಾಯಿತಿ, ನಿಮ್ಮೂರಿಗೆ ನಿಮ್ಮ ಪಂಚಾಯಿತಿ. 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್, ರೇಬೀಸ್ ಇರುವ ಅಥವಾ ಶಂಕೆ ಇರುವ ಮತ್ತು ಮೇಲೆರಗುವ ಸ್ವಭಾವದ ನಾಯಿಗಳನ್ನು ಬಿಟ್ಟು ಉಳಿದವನ್ನು ಶಸ್ತ್ರಚಿಕಿತ್ಸೆ, ಲಸಿಕೆ ನಂತರ ಹಿಡಿದ ಜಾಗಕ್ಕೇ ಬಿಡಬೇಕು, ಊಟ ಹಾಕಲು ಪ್ರತ್ಯೇಕ ಜಾಗ ಗುರುತಿಸಬೇಕು ಎಂದಿತು. ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣ, ಕ್ರೀಡಾಂಗಣಗಳ ಆವರಣದಿಂದ ನಾಯಿಗಳನ್ನು ಹಿಡಿದು ಆಶ್ರಯ ತಾಣಕ್ಕೆ ಸೇರಿಸಬೇಕು, ಮತ್ತೆ ಅಲ್ಲಿಗೆ ಬಿಡಬಾರದು ಎಂದು ಆದೇಶಿಸಿತು. ಆಶ್ರಯ ತಾಣ ಎಂಬ ಮಾತು ಕಾಗದದಲ್ಲಿ ಸುಲಭ. ಅದಕ್ಕೆ ಜಾಗ, ಊಟ, ಡಾಕ್ಟರ್, ಕಾವಲು ಎಲ್ಲ ಬೇಕು. 2019ರ ಜಾನುವಾರು ಗಣತಿ ಪ್ರಕಾರ ಕರ್ನಾಟಕದಲ್ಲಿ ಬೀದಿ ನಾಯಿಗಳೇ 11 ಲಕ್ಷಕ್ಕೂ ಹೆಚ್ಚು.

ಹೆಣ್ಣುಮರಿಯ ಲೆಕ್ಕ

ಈಗ ಚೀಲಕ್ಕೆ ವಾಪಸ್ ಬರೋಣ. ಬೀದಿ ನಾಯಿ ಹೆಚ್ಚುವುದು ಬೀದಿಯಲ್ಲಿ ಮಾತ್ರ ಅಂತ ನಾವು ತಿಳಿದಿದ್ದೇವೆ. ಹಳ್ಳಿಯಲ್ಲಿ ಅದು ಶುರುವಾಗುವುದು ನಮ್ಮ ಅಂಗಳದಲ್ಲಿ. ಸಾಕಿದ ನಾಯಿ ಮರಿ ಹಾಕುತ್ತದೆ. ಗಂಡುಮರಿಯನ್ನು ಯಾರಾದರೂ ಕೇಳಿ ಒಯ್ಯುತ್ತಾರೆ. ಹೆಣ್ಣುಮರಿಗಳು ಉಳಿಯುತ್ತವೆ. ಅವನ್ನು ಸಂತೆ ದಿನ ಸಂತೆಯಲ್ಲಿ, ಇಲ್ಲವೇ ಕೆರೆ ಏರಿ ಮೇಲೆ, ಕೋಳಿ ಅಂಗಡಿ ಹಿಂದೆ ಬಿಟ್ಟು ಬರುತ್ತಾರೆ. ಬದುಕಿದರೆ ಎಂಟು ತಿಂಗಳಿಗೆ ಅದೇ ಮರಿ ಹಾಕುತ್ತದೆ. ಬೇಡವೆಂದು ಬಿಟ್ಟ ಹೆಣ್ಣುಮರಿಯೇ ನಾಳಿನ ಬೀದಿ ನಾಯಿಗಳ ತಾಯಿ.

ಈಚೆಗೆ ಇನ್ನೊಂದು ಬಗೆ ಸೇರಿದೆ. ಪೇಟೆಯಲ್ಲಿ ಸಾವಿರಾರು ರೂಪಾಯಿ ಕೊಟ್ಟು ತಂದ ಲ್ಯಾಬ್ರಡಾರ್, ಪಮೇರಿಯನ್ ನಾಯಿಗೆ ವಯಸ್ಸಾದಾಗ, ಚರ್ಮರೋಗ ಬಂದಾಗ, ಮನೆ ಬದಲಾಯಿಸುವಾಗ ಹೆದ್ದಾರಿ ಬದಿಯಲ್ಲಿ ಇಳಿಸಿ ಹೋಗುತ್ತಾರೆ. 2022ರಲ್ಲಿ '777 ಚಾರ್ಲಿ' ಸಿನಿಮಾ ನೋಡಿ ಅತ್ತವರು ನಾವೆಲ್ಲ. ಆ ಚಿತ್ರ ಮರಿ ಮಾರುವ ದಂಧೆಯ ಕ್ರೌರ್ಯವನ್ನೂ ತೋರಿಸಿತ್ತು. ಅಂಥ ನಾಯಿಗೆ ಬೀದಿಯಲ್ಲಿ ಬದುಕುವ ವಿದ್ಯೆ ಗೊತ್ತಿರುವುದಿಲ್ಲ. ಬಿಟ್ಟ ಜಾಗದಲ್ಲೇ ಕಾರಿನ ದಾರಿ ನೋಡುತ್ತಾ ಕೂರುತ್ತದೆ. ಸಾಕಿದ ಪ್ರಾಣಿಯನ್ನು ಹೀಗೆ ಬಿಡುವುದು 1960ರ ಕಾಯ್ದೆ ಪ್ರಕಾರ ಅಪರಾಧ. ಮೊದಲ ತಪ್ಪಿಗೆ ದಂಡ ಎಷ್ಟು ಗೊತ್ತೇ? 10ರಿಂದ 50 ರೂಪಾಯಿ. ಆಗಿನ ಕಾಲಕ್ಕೆ ಇಟ್ಟ ದಂಡ ಇವತ್ತಿಗೂ ಅಷ್ಟೇ.

ನಮ್ಮ ಮೂರೂ ತಾಲ್ಲೂಕಿಗೆ ಇದರಲ್ಲಿ ಮತ್ತೊಂದು ಅಪಾಯವಿದೆ. 2019ರ ಕೊನೆಯಿಂದ 2020ರ ಆರಂಭದವರೆಗೆ ತುಮಕೂರು, ಗುಬ್ಬಿ, ಕುಣಿಗಲ್ ತಾಲ್ಲೂಕಿನ ಹಳ್ಳಿಗಳಲ್ಲಿ ಚಿರತೆ ಮನುಷ್ಯರನ್ನು ಕೊಂದದ್ದು ಯಾರೂ ಮರೆತಿಲ್ಲ. ಆ ಸಾವುಗಳಿಗೆ ನಾಯಿ ಕಾರಣ ಅಂತ ನಾನು ಹೇಳುತ್ತಿಲ್ಲ. ಆದರೆ ಹೊಲಗದ್ದೆಗಳ ನಡುವೆ ಬದುಕುವ ಚಿರತೆಗೆ ನಾಯಿ ಮುಖ್ಯ ಆಹಾರ. ಮಹಾರಾಷ್ಟ್ರದ ಅಕೋಲೆಯಲ್ಲಿ ನಡೆದ ಅಧ್ಯಯನದಲ್ಲಿ ಚಿರತೆಯ ಆಹಾರದಲ್ಲಿ ಶೇ 39ರಷ್ಟು ನಾಯಿಯೇ ಎಂದು ಕಂಡುಬಂತು. ಊರಂಚಿನಲ್ಲಿ ಕೋಳಿ ತ್ಯಾಜ್ಯ ಸುರಿದರೆ ನಾಯಿ ಸೇರುತ್ತವೆ, ನಾಯಿ ಸೇರಿದಲ್ಲಿಗೆ ಚಿರತೆ ಬರುತ್ತದೆ. ಆ ದಾರಿಯಲ್ಲೇ ನಮ್ಮ ಮಕ್ಕಳು ಶಾಲೆಗೆ ಹೋಗುತ್ತಾರೆ.

ಉಳಿಸಿಕೊಳ್ಳುವವರಿಂದ ಕಲಿತದ್ದು

ಆ ಮೂರು ವಾರದಲ್ಲಿ ನನಗೆ ದಾರಿ ತೋರಿಸಿದವರು ಪಶು ಡಾಕ್ಟರೊಬ್ಬರು ಮತ್ತು ಒಂದಿಬ್ಬರು ಹುಡುಗರು. ಹಗಲು ಗ್ಯಾರೇಜಿನಲ್ಲಿ, ಅಂಗಡಿಯಲ್ಲಿ ದುಡಿದು, ರಾತ್ರಿ ಗಾಯಗೊಂಡ ನಾಯಿಗಳ ಹಿಂದೆ ಓಡಾಡುವ ಹುಡುಗರು ಅವರು. ಅವರಿಂದ ಕಲಿತದ್ದನ್ನು ಹೇಳುತ್ತೇನೆ.

ಕಜ್ಜಿ ಬಂದು ಕೂದಲು ಉದುರಿದ ನಾಯಿಗೆ ನಮ್ಮ ಕಡೆ ಸುಟ್ಟ ಇಂಜಿನ್ ಆಯಿಲ್ ಸವರುತ್ತಾರೆ. ಹಾಗೆ ಮಾಡಬೇಡಿ. ನಾಯಿ ಅದನ್ನು ನೆಕ್ಕಿ ವಿಷವೇರಿ ಸಾಯಬಹುದು. ಕಜ್ಜಿ ಮಾಡುವುದು ಕಣ್ಣಿಗೆ ಕಾಣದ ಹುಳ. ಡಾಕ್ಟರ್ ತೂಕ ನೋಡಿ ಕೊಡುವ ಔಷಧಕ್ಕೆ ಕೆಲವು ವಾರದಲ್ಲಿ ವಾಸಿಯಾಗುತ್ತದೆ. ಗಾಯದಲ್ಲಿ ಹುಳ ಬಿದ್ದಿದ್ದರೂ ಬೇಗ ತೋರಿಸಿದರೆ ನಾಯಿ ಉಳಿಯುತ್ತದೆ. ಮರಿಗಳನ್ನು ಹೆಚ್ಚು ಕೊಲ್ಲುವುದು ಪಾರ್ವೊ ಎಂಬ ವೈರಸ್, ನನ್ನ ಡಬ್ಬದ ಮರಿಯನ್ನು ಒಯ್ದದ್ದೂ ಅದೇ ಎಂದರು ಡಾಕ್ಟರ್. 1978ಕ್ಕೆ ಮುಂಚೆ ಈ ರೋಗ ಜಗತ್ತಿಗೆ ಪರಿಚಯವೇ ಇರಲಿಲ್ಲ. ಈಗ ಒಂದೂವರೆ ಎರಡು ತಿಂಗಳ ಮರಿಗೇ ಅದಕ್ಕೆ ಲಸಿಕೆ ಶುರು ಮಾಡುತ್ತಾರೆ. ಅಪಘಾತವಾದ ನಾಯಿಯನ್ನು ಎತ್ತುವ ಮುಂಚೆ ದಪ್ಪ ಬಟ್ಟೆ ಹೊದಿಸಿ, ಬಾಯಿಗೆ ಬಟ್ಟೆ ಸುತ್ತಿ. ನೋವಿನಲ್ಲಿ ಸಾಕಿದವರನ್ನೂ ಅದು ಕಚ್ಚುತ್ತದೆ. ಜೊಲ್ಲು ಸುರಿಸುತ್ತಾ ತೂರಾಡುವ ನಾಯಿಯ ಹತ್ತಿರ ಹೋಗಲೇಬೇಡಿ. 1962 ಎಂಬುದು ಪಶು ಚಿಕಿತ್ಸೆಯ ಸಂಚಾರಿ ವಾಹನದ ಸಹಾಯವಾಣಿ, ನಂಬರ್ ನೆನಪಿಡಿ.

ಕಚ್ಚಿದರೆ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ಸುಣ್ಣ, ಖಾರದಪುಡಿ, ಅರಿಶಿನ ಯಾವುದೂ ಬೇಡ. ಮರಿ ಕಚ್ಚಿದರೂ, ಸಾಕಿದ ನಾಯಿ ಕಚ್ಚಿದರೂ ಅಷ್ಟೇ. ಮಗು ಬಂದು ಹೇಳಿದರೆ ಬೈಯಬೇಡಿ. ಬೈದರೆ ಮುಂದಿನ ಸಲ ಅದು ಹೇಳುವುದಿಲ್ಲ.

ಬೀದಿ ನಾಯಿಯ ಒಂದು ಕಿವಿಯ ತುದಿ ಕತ್ತರಿಸಿದ್ದರೆ ಯಾರೋ ಹಿಂಸೆ ಮಾಡಿದ್ದಾರೆ ಅಂದುಕೊಳ್ಳಬೇಡಿ. ಶಸ್ತ್ರಚಿಕಿತ್ಸೆ, ಲಸಿಕೆ ಎರಡೂ ಆಗಿದೆ ಎಂಬ ಗುರುತು ಅದು. ನಿಮ್ಮೂರಲ್ಲಿ ಅಂಥ ಕಿವಿ ಎಷ್ಟಿವೆ ಎಣಿಸಿ ನೋಡಿ. ಒಂದೂ ಇಲ್ಲದಿದ್ದರೆ ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ: ನಮ್ಮ ನಾಯಿಗಳಿಗೆ ಲಸಿಕೆ ಯಾವಾಗ, ಶಸ್ತ್ರಚಿಕಿತ್ಸೆ ಯಾವಾಗ, ಅದಕ್ಕೆ ದುಡ್ಡು ಎಷ್ಟು ಇಟ್ಟಿದ್ದೀರಿ? ಕೇಳಿದ್ದನ್ನು ನಡಾವಳಿಯಲ್ಲಿ ಬರೆಸಿ. ಬೀದಿ ದೀಪ, ಚರಂಡಿ ಕೇಳುವ ಹಾಗೆ ಇದನ್ನೂ ಕೇಳಬಹುದು, ಕೇಳಬೇಕು.

ಮರಿ ಕೊಡುವಾಗಲೂ ಹಾಗೇ. ಕುಣಿಗಲ್‌ನ ಕುದುರೆ ಫಾರಂನಲ್ಲಿ ಹುಟ್ಟುವ ರೇಸ್ ಕುದುರೆಗೆ ತಂದೆ ಯಾರು, ತಾಯಿ ಯಾರು ಎಂದು ಪುಸ್ತಕದಲ್ಲಿ ಬರೆದಿಡುತ್ತಾರೆ. ನಾಯಿಮರಿಗೆ ಅಷ್ಟು ಬೇಡ. ಒಯ್ದವರ ಹೆಸರು, ಫೋನ್ ನಂಬರ್, ಲಸಿಕೆಯ ದಿನ ಒಂದು ಚೀಟಿಯಲ್ಲಿದ್ದರೆ ಸಾಕು. ನಾನು ಕುಣಿಗಲ್ ಕಡೆಗೆ ಕೊಟ್ಟ ಮರಿಗೆ ಒಂದೇ ಷರತ್ತು ಹಾಕಿದ್ದೆ, ಆರು ತಿಂಗಳು ತುಂಬಿದ ಮೇಲೆ ಆಪರೇಷನ್ ಮಾಡಿಸಬೇಕು ಅಂತ. "ಹೆಣ್ಣು ನಾಯಿ ಕಾವಲು ಕಾಯುತ್ತಾ ಸಾರ್?" ಅಂತ ಅನುಮಾನದಲ್ಲೇ ಒಯ್ದವರು ಅವರು. ಹೋದ ತಿಂಗಳು ಫೋನ್ ಮಾಡಿದ್ದರು. ಆಪರೇಷನ್ ಆಗಿದೆಯಂತೆ. ರಾತ್ರಿ ಶೆಡ್ಡಿನ ಹತ್ತಿರ ಯಾರನ್ನೂ ಬಿಡುವುದಿಲ್ಲವಂತೆ.

"ಏನು ಹೆಸರಿಟ್ಟಿದ್ದೀರಿ?" ಅಂತ ಕೇಳಿದೆ.

"ಕಪ್ಪಗೈತಲ್ಲ ಸಾರ್, ಕಾಳಿ ಅಂತ."

ಅವರಿಗೆ ಆತಕೂರಿನ ಕಲ್ಲಿನ ವಿಷಯ ಗೊತ್ತಿಲ್ಲ. ಮುಂದಿನ ಸಲ ಆ ಕಡೆ ಹೋದಾಗ ಹೇಳಬೇಕು.